ಕೆರಳಿದ ಕಡಲು: ಕೆಲವರಿಗೆ ತೊಟ್ಟಿಲು, ಕೆಲವರಿಗೆ ತೂಫಾನು

ಪೇಟೆಯಲ್ಲಿ ಈಗ ಎಲ್ಲಿ ನೋಡಿದರಲ್ಲಿ ಹಡಗಿನ ಬೋರ್ಡು. ನೀಲಿ ಕಡಲು, ಬಿಳಿ ಹಡಗು, ಡೆಕ್ಕಿನ ಮೇಲೆ ಕಪ್ಪು ಕನ್ನಡಕ ಹಾಕಿದ ಗಂಡ ಹೆಂಡತಿ. ಎರಡು ರಾತ್ರಿ, ಮೂರು ಹಗಲು, ಊಟ ತಿಂಡಿ ಆಟ ಪಾಟ ಎಲ್ಲಾ ಒಂದೇ ಟಿಕೇಟಿನಲ್ಲಿ. ಹಿಂದೆ ಮದುವೆಯ ಇಪ್ಪತ್ತೈದು ತುಂಬಿದರೆ ಜನ ತಿರುಪತಿಗೆ ಹೋಗುತ್ತಿದ್ದರು. ಈಗ ಮುಂಬಯಿಗೆ ಹೋಗಿ ಹಡಗು ಹತ್ತುತ್ತಾರೆ. ಹತ್ತಲಿ, ಸಂತೋಷ. ಕಡಲ ಕರೆಯಲ್ಲೇ ಹುಟ್ಟಿ ಬೆಳೆದವರಿಗೆ ಕಡಲಿನ ಮೇಲೆ ಎರಡು ರಾತ್ರಿ ಮಲಗುವ ಆಸೆ ಇರಬಾರದೆಂದು ಯಾರು ಹೇಳಿದರು?

ಆದರೆ ಆ ಬೋರ್ಡುಗಳಲ್ಲಿ ಒಂದೇ ಒಂದು ಅಲೆ ಇಲ್ಲ, ಗಮನಿಸಿದ್ದೀರಾ? ಕಡಲು ಬಟ್ಟಲಿಗೆ ಹೊಯ್ದ ಎಣ್ಣೆಯ ಹಾಗೆ ತೆಪ್ಪಗೆ ಬಿದ್ದುಕೊಂಡಿದೆ. ಕಡಲು ಹಾಗಿರುವುದಿಲ್ಲ ಎಂಬುದು ಬೆಂಗ್ರೆಯ ಮಗುವಿಗೂ ಗೊತ್ತು. ಟಿಕೇಟು ಮಾರುವವರಿಗೆ ಮಾತ್ರ ಗೊತ್ತಿಲ್ಲ!

ಈ ಅಂಕಣಕಾರನಿಗೂ ಆ ಯೋಗ ಬಂತು. ಮುಂಬಯಿಯಲ್ಲಿ ಹೋಟೆಲು ನಡೆಸುವ ಭಾವನವರು ಮೇ ತಿಂಗಳ ಕೊನೆಯ ವಾರಕ್ಕೆ ನಾಲ್ಕು ಟಿಕೇಟು ತೆಗೆದರು. ಮುಂಬಯಿಯಿಂದ ಗೋವಾ, ಗೋವಾದಿಂದ ಮುಂಬಯಿ. ‘ಮಳೆಗಾಲ ಹತ್ತಿರ ಬಂತಲ್ಲ ಭಾವ’ ಅಂದದ್ದಕ್ಕೆ, ‘ಅದಕ್ಕೇ ರೇಟು ಕಡಿಮೆ ಮಾರಾಯ್ರೆ’ ಅಂದರು. ಮಾತು ಮುಗಿಯಿತು.

ತೊಟ್ಟಿಲು ತೂಗಿತು

ಸಂಜೆ ಬಲ್ಲಾರ್ಡ್ ಪಿಯರ್ ಬಿಟ್ಟಾಗ ಎಲ್ಲರೂ ಅರಸರೇ. ಕತ್ತಲಾಗಿ ಊರಿನ ದೀಪಗಳು ಮರೆಯಾದ ಮೇಲೆ ನೈಋತ್ಯದ ಅಲೆ ಶುರುವಾಯಿತು. ಮೊದಲು ಟೇಬಲ್ಲಿನ ಮೇಲಿನ ನೀರಿನ ಲೋಟ ಒಂದು ಗೇಣು ಜಾರಿತು. ಆಮೇಲೆ ಈಜುಕೊಳದ ನೀರು ಕಟ್ಟೆ ದಾಟಿ ಚೆಲ್ಲತೊಡಗಿತು. ನೀರು ಬಿಟ್ಟು ಬಲೆ ಕಟ್ಟಿದರು. ಕುಣಿಯುವ ಹುಡುಗಿಯರು ಬೀಳುತ್ತಾರೆಂದು ರಾತ್ರಿಯ ಆಟ ರದ್ದು. ಹೊರ ಡೆಕ್ಕಿನ ಬಾಗಿಲುಗಳಿಗೆ ಬೀಗ. ಲಿಫ್ಟಿನ ಪಕ್ಕದಲ್ಲಿ ಕಾಗದದ ಚೀಲಗಳ ಕಟ್ಟು ನೇತು ಹಾಕಿದರು. ಯಾಕೆಂದು ವಿವರಿಸಬೇಕಾಗಿಲ್ಲ.

ಒಂಬತ್ತು ಗಂಟೆಗೆ ಊಟದ ಹಾಲಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಭಾವನವರು ಕೋಣೆಯಲ್ಲಿ ಕವುಚಿ ಮಲಗಿ ಎಲ್ಲಾ ದೈವಗಳಿಗೂ ಹರಕೆ ಹೇಳುತ್ತಿದ್ದರು. ಉಳಿದ ನಮ್ಮಂಥ ಕೆಲವರಿಗೋ, ಸುಳ್ಳು ಯಾಕೆ ಹೇಳಬೇಕು, ಭಾರೀ ಗಮ್ಮತ್ತು! ಇಷ್ಟು ದೊಡ್ಡ ಕಟ್ಟಡ ಒಂದು ಸಲ ಎಡಕ್ಕೆ ಉಸಿರೆಳೆದು, ಒಂದು ಸಲ ಬಲಕ್ಕೆ ಉಸಿರು ಬಿಡುವುದು. ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ, ಇನ್ನೊಮ್ಮೆ ಬರೀ ನೊರೆ. ಕೈಯಲ್ಲಿ ಬಿಸಿ ಕಾಫಿ. ಆ ರಾತ್ರಿ ಬಂದ ನಿದ್ದೆ ಅಮ್ಮ ತೂಗಿದ ತೊಟ್ಟಿಲಿನ ನಂತರ ಬಂದಿರಲಿಲ್ಲ.

ಹೊಟ್ಟೆ ತೊಳಸುವುದಕ್ಕೆ ಕಾರಣ ಸರಳ. ಕಿವಿಯೊಳಗಿನ ತೂಕ ನೋಡುವ ಯಂತ್ರ ‘ನಾವು ಓಲಾಡುತ್ತಿದ್ದೇವೆ’ ಅನ್ನುತ್ತದೆ. ಕೋಣೆಯ ಗೋಡೆ ನೋಡುವ ಕಣ್ಣು ‘ಇಲ್ಲ, ಸ್ಥಿರವಾಗಿದ್ದೇವೆ’ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಬಡಪಾಯಿ ಹೊಟ್ಟೆಗೆ ಪೆಟ್ಟು. ದೂರದ ಕಡಲಂಚು ನೋಡುತ್ತಾ ಕೂತರೆ ಜಗಳ ಕಡಿಮೆ. ಹಡಗಿನ ನಡುಭಾಗದ ಕೆಳಗಿನ ಕೋಣೆ ಎಲ್ಲಕ್ಕಿಂತ ಕಡಿಮೆ ತೂಗುತ್ತದೆ. ಮಾತ್ರೆ ತಿನ್ನುವುದಾದರೆ ಹೊರಡುವ ಮೊದಲೇ ತಿನ್ನಬೇಕು. ಶುರುವಾದ ಮೇಲೆ ತಿಂದರೆ ಮಾತ್ರೆಯೂ ಹೊರಗೆ!

ಹಡಗು ಬೇರೆ, ಲೈನರ್ ಬೇರೆ

ನಮ್ಮ ಜನ ದೊಡ್ಡ ಹಡಗನ್ನೆಲ್ಲಾ ‘ಲೈನರ್’ ಅನ್ನುತ್ತಾರೆ. ಅದು ಸರಿಯಲ್ಲ. ಲೈನರ್ ಅಂದರೆ ಗೊತ್ತಾದ ದಾರಿಯಲ್ಲಿ, ಗೊತ್ತಾದ ದಿನ, ಕಡಲು ಹೇಗೇ ಇರಲಿ, ಈ ದಡದಿಂದ ಆ ದಡಕ್ಕೆ ಜನರನ್ನು ಮುಟ್ಟಿಸಲಿಕ್ಕೆ ಕಟ್ಟಿದ ಹಡಗು. ಆ ಜಾತಿಯಲ್ಲಿ ಇಂದು ಓಡುತ್ತಿರುವುದು ಒಂದೇ, 2004ರಲ್ಲಿ ಮೊದಲ ಪ್ರಯಾಣ ಹೊರಟ ‘ಕ್ವೀನ್ ಮೇರಿ 2’. ಉದ್ದ 345 ಮೀಟರು, ನೀರಿನೊಳಗೆ 10 ಮೀಟರು ಆಳ, ದಪ್ಪ ಉಕ್ಕಿನ ಮೈ, ಅಲೆ ಸೀಳುವ ಚೂಪು ಮೂತಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಅಟ್ಲಾಂಟಿಕ್ ದಾಟುವುದು ಅದರ ಕಸುಬು. ನಡುವೆ ಎರಡು ಮೂರು ರಾತ್ರಿಯ ಸಣ್ಣ ಸವಾರಿಯನ್ನೂ ಮಾಡಿಸುತ್ತದೆ. ಕೆರಳಿದ ಕಡಲನ್ನು ಸುಖವಾಗಿ ನೋಡಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಳಿದ ವಿಹಾರದ ಹಡಗುಗಳು ಮಜಲಿನ ಮೇಲೆ ಮಜಲು ಕಟ್ಟಿದ ತೇಲುವ ಲಾಡ್ಜುಗಳು. ಕಡಲು ಕೆಟ್ಟರೆ ದಾರಿ ತಪ್ಪಿಸಿ ಹೋಗುವುದೇ ಅವುಗಳ ಜಾಣತನ.

ಲೈನರುಗಳೂ ಹುಟ್ಟಿನಿಂದಲೇ ಸಾಧುವಾಗಿರಲಿಲ್ಲ. ಹಳೆಯ ‘ಕ್ವೀನ್ ಮೇರಿ’ 1942ರ ಡಿಸೆಂಬರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸಿಪಾಯಿಗಳನ್ನು ಹೊತ್ತು ಹೋಗುತ್ತಿದ್ದಾಗ ಒಂದೇ ಅಲೆಗೆ ಮಗುಚುವಷ್ಟು ವಾಲಿತ್ತು. 1958ರಲ್ಲಿ ಅದಕ್ಕೆ ಸ್ಟೆಬಿಲೈಸರ್ ಕೂರಿಸಿದರು. ಹಾಗೆಂದರೆ ನೀರಿನೊಳಗೆ, ಹಡಗಿನ ಎರಡು ಪಕ್ಕೆಯಲ್ಲಿ, ಮೀನಿನ ರೆಕ್ಕೆಯಂಥ ಉಕ್ಕಿನ ರೆಕ್ಕೆಗಳು. ಹಡಗು ವಾಲತೊಡಗಿದ ಕೂಡಲೇ ಯಂತ್ರ ಅದನ್ನು ತಿಳಿದು ರೆಕ್ಕೆಯನ್ನು ತಿರುಗಿಸುತ್ತದೆ. ಹರಿಯುವ ನೀರು ರೆಕ್ಕೆಯನ್ನು ಒತ್ತಿ ಹಡಗನ್ನು ನೆಟ್ಟಗೆ ಮಾಡುತ್ತದೆ. ಹೊಸ ‘ಕ್ವೀನ್ ಮೇರಿ’ಗೆ ಅಂಥವು ನಾಲ್ಕು. 1995ರ ಸೆಪ್ಟೆಂಬರಿನಲ್ಲಿ ‘ಕ್ಯೂ.ಇ. 2’ ಎಂಬ ಲೈನರ್ ಚಂಡಮಾರುತದ ನಡುವೆ 90 ಅಡಿಯ ಅಲೆಗೆ ಎದೆಕೊಟ್ಟು ಉಳಿಯಿತು. ಈಗ ಅದು ದುಬೈಯಲ್ಲಿ ಹೋಟೆಲು. ಅಲ್ಲಿರುವ ನಮ್ಮ ಊರಿನವರು ಅಲೆಯೇ ಇಲ್ಲದೆ ಅದರಲ್ಲಿ ಮಲಗಿ ಬರಬಹುದು.

ಇಷ್ಟೆಲ್ಲಾ ಇದ್ದರೂ ಆ ರೆಕ್ಕೆಗಳಿಗೆ ಒಂದು ಗುಟ್ಟು ಉಂಟು. ಹಡಗು ಓಡುತ್ತಿದ್ದರೆ ಮಾತ್ರ ಅವುಗಳಿಗೆ ಬಲ. ಎಂಜಿನ್ ನಿಂತರೆ ತೊಟ್ಟಿಲು ತೂಗುವ ಕೈಯೇ ನಿಂತ ಹಾಗೆ. 2019ರ ಮಾರ್ಚಿನಲ್ಲಿ ನಾರ್ವೆಯ ಕರಾವಳಿಯಲ್ಲಿ ‘ವೈಕಿಂಗ್ ಸ್ಕೈ’ ಎಂಬ ಹೊಸ ಹಡಗಿಗೆ ಆದದ್ದು ಇದೇ. ಟ್ಯಾಂಕಿಯಲ್ಲಿ ಎಂಜಿನ್ ಆಯಿಲ್ ಇರಬೇಕಾದಷ್ಟು ಇರಲಿಲ್ಲ. ಹಡಗು ಓಲಾಡಿದಾಗ ಆಯಿಲ್ ಒಂದು ಬದಿಗೆ ಸರಿಯಿತು, ಪಂಪು ಗಾಳಿ ಎಳೆಯಿತು, ಎಂಜಿನುಗಳು ನಿಂತವು. ಕಲ್ಲುಬಂಡೆಗಳ ಕಡೆಗೆ ತೇಲುತ್ತಿದ್ದ ಹಡಗಿನಲ್ಲಿ 1,373 ಜನ. ನಾನೂರಕ್ಕೂ ಹೆಚ್ಚು ಮಂದಿಯನ್ನು ಹೆಲಿಕಾಪ್ಟರಿನಿಂದ ಒಬ್ಬೊಬ್ಬರಾಗಿ ಎತ್ತಿದರು. ಕೋಟಿ ಕೋಟಿ ಸುರಿದ ಹಡಗು. ಕೊರತೆ ಬಿದ್ದದ್ದು ಆಯಿಲಿಗೆ!

ಕ್ಯಾಪ್ಟನ್ ‘ಆಗದು’ ಅಂದರು

ನಮ್ಮ ಹಡಗಿನ ಕಥೆಗೆ ಬರುವಾ. ಬೆಳಿಗ್ಗೆ ಮೈಕಿನಲ್ಲಿ ಕ್ಯಾಪ್ಟನ್ನರ ದನಿ: ಗಾಳಿ ಜೋರಾಗಿದೆ, ಗೋವಾದ ಬಂದರಿಗೆ ಹೋಗುವುದು ಕ್ಷೇಮವಲ್ಲ, ಇವತ್ತೂ ಕಡಲಿನಲ್ಲೇ ಇರುತ್ತೇವೆ.

ಸ್ವಾಮಿ, ಆಗ ಎದ್ದ ಗಲಾಟೆಯ ಮುಂದೆ ಕಡಲಿನ ಗಲಾಟೆ ಏನೂ ಅಲ್ಲ! ‘ಗೋವಾ ತೋರಿಸುತ್ತೇವೆಂದು ದುಡ್ಡು ತಗೊಂಡು ಮೋಸ’ ಎಂದು ಕೌಂಟರಿನ ಎದುರು ನೂರಾರು ಜನ. ದುಡ್ಡು ವಾಪಸು ಕೊಡಿ ಎಂಬ ಕೂಗು. ಟಿಕೇಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ದಾರಿ ಬದಲಿಸುವ ಅಧಿಕಾರ ಕ್ಯಾಪ್ಟನ್ನರದು, ಪರಿಹಾರ ಕೇಳುವಂತಿಲ್ಲ. ಟಿಕೇಟು ಮಾರುವಾಗ ಆ ಸಾಲನ್ನು ಯಾರೂ ಓದಿ ಹೇಳಿರಲಿಲ್ಲ. ಅದು ತಪ್ಪು, ಖಂಡಿತ ತಪ್ಪು. ಆದರೆ ಕ್ಯಾಪ್ಟನ್ ಮಾಡಿದ್ದು ತಪ್ಪೇ?

ಅದೇ ಮುಂಬಯಿಯ ನೀರಿನಲ್ಲಿ 1947ರ ಜುಲೈ 17ರಂದು ‘ರಾಮದಾಸ್’ ಸ್ಟೀಮರು ರೇವಸಿಗೆ ಹೊರಟು ಮಗುಚಿತು. ಮಳೆಗಾಲ, ಕೆಟ್ಟ ಗಾಳಿ, ಹಡಗಿನ ತುಂಬ ಜನ. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಅದು ದೂರದ ಪ್ರಯಾಣವೂ ಅಲ್ಲ, ಆಚೆ ದಡದ ಊರು. ಮುಂಬಯಿ ಗೋವಾ ನಡುವೆ 1980ರ ದಶಕದ ತನಕ ಓಡಿದ ಕೊಂಕಣ ಸ್ಟೀಮರುಗಳನ್ನೂ ಮಳೆಗಾಲದಲ್ಲಿ ಕಟ್ಟಿ ಹಾಕುತ್ತಿದ್ದರು. ಈಗಿನ ಹಡಗು ದೊಡ್ಡದು, ನಿಜ. ಆದರೆ ದೊಡ್ಡದೆಂದ ಮಾತ್ರಕ್ಕೆ ಮುಳುಗುವುದಿಲ್ಲ ಎಂದಲ್ಲ. 2022ರ ಜೂನಿನಲ್ಲಿ ಉಳ್ಳಾಲದೆದುರು ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ಮುಳುಗಿದ್ದನ್ನು ನಾವೇ ದಡದಲ್ಲಿ ನಿಂತು ನೋಡಿದ್ದೇವಲ್ಲ?

ಆ ಹೊತ್ತಿಗೆ ಈ ಮಂಡೆಗೆ ಒಂದು ವಿಷಯ ಹೊಳೆಯಿತು. ಕೆರಳಿದ ಕಡಲು ನಮಗೆ ಗಮ್ಮತ್ತಾದದ್ದು ಉಕ್ಕಿನ ರೆಕ್ಕೆಯಿಂದ ಮಾತ್ರವಲ್ಲ. ‘ಆಗದು’ ಎಂದು ಹೇಳಬಲ್ಲ ಒಬ್ಬ ಮನುಷ್ಯ ಮೇಲೆ ಕೂತಿದ್ದ. ಹಾಗೆ ಹೇಳಿದರೆ ಅವನ ಮನೆಯ ಒಲೆ ಆರುವುದಿಲ್ಲ. ಟಿಕೇಟಿನಲ್ಲಿ ನಾವು ಕೊಂಡ ಬಹು ಬೆಲೆಯ ಸಾಮಾನು ಊಟವೂ ಅಲ್ಲ, ಆಟವೂ ಅಲ್ಲ, ಆ ‘ಆಗದು’.

ಕೆಳಗಿನ ಮಜಲಿನವನು

ಕಾಫಿ ತಂದಿಟ್ಟ ಹುಡುಗ ನಮ್ಮ ಮಾತು ಕೇಳಿ ತುಳುವಿನಲ್ಲೇ ‘ಊರು ಯಾವುದು ಅಣ್ಣ?’ ಎಂದು ಕೇಳಿದ. ಸುರತ್ಕಲ್ ಕಡೆಯವನು. ಹಡಗು ವಾಲಿದಾಗಲೂ ಅವನ ಕೈಯ ತಟ್ಟೆ ಕದಲಲಿಲ್ಲ. ‘ನಿನಗೆ ತಲೆ ತಿರುಗುವುದಿಲ್ಲವಾ?’ ಎಂದೆ. ‘ತಿರುಗುತ್ತದೆ ಅಣ್ಣ. ಮಾತ್ರೆ ತಿಂದು ನಿಂತಿದ್ದೇನೆ. ನಮಗೆ ಮಲಗಲಿಕ್ಕೆ ಉಂಟಾ?’ ಎಂದು ನಕ್ಕ. ಅವನ ಅಪ್ಪ ಬೋಟಿನ ತಾಂಡೇಲನಂತೆ. ‘ಅಪ್ಪ ಇಂಥಾ ಕಡಲಿಗೆ ಬೋಟಿನಲ್ಲಿ ಹೋಗುತ್ತಿದ್ದರು. ನಾನು ಹೋಗಬಾರದು ಅಂತ ಇಲ್ಲಿಗೆ ಕಳಿಸಿದರು.’

ಆ ಮಾತು ಕೇಳಿದ ಮೇಲೆ ಕಾಫಿ ಮೊದಲಿನಷ್ಟು ರುಚಿಸಲಿಲ್ಲ. ತೊಟ್ಟಿಲನ್ನು ತೊಟ್ಟಿಲಾಗಿ ಇಡಲಿಕ್ಕೆ ಕೆಳಗೆ ಎಷ್ಟು ಮಂದಿ ನಿದ್ದೆಗೆಟ್ಟು ನಿಂತಿದ್ದರೋ! ಆ ಹುಡುಗ ‘ಆಗದು’ ಅನ್ನುವಂತಿಲ್ಲ. ಅಂದರೆ ಮುಂದಿನ ಸಲ ಕೆಲಸಕ್ಕೆ ಕರೆಯುವವರಿಲ್ಲ.

ತಾಂಡೇಲನ ‘ಆಗದು’

ಇನ್ನು ಅವನ ಅಪ್ಪನ ಲೆಕ್ಕ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲು ಬಂದು. ಆ ದಿನಗಳಿಗೆ ಉಳಿತಾಯ ಪರಿಹಾರ ಎಂಬ ಯೋಜನೆ ಉಂಟು. ಮೀನುಗಾರ ಕೂಡಿಟ್ಟ ದುಡ್ಡಿಗೆ ಸರಕಾರ ತನ್ನ ಪಾಲು ಸೇರಿಸಿ ಕೊಡುತ್ತದೆ. ಆದರೆ ಕಡಲು ಪಂಚಾಂಗ ನೋಡಿ ಕೆರಳುತ್ತದೆಯೇ? ಅಕ್ಟೋಬರಿನಲ್ಲಿ, ಡಿಸೆಂಬರಿನಲ್ಲಿ ವಾಯುಭಾರ ಕುಸಿದರೆ ಹವಾಮಾನ ಇಲಾಖೆಯ ಎಚ್ಚರಿಕೆ ಬರುತ್ತದೆ: ಕಡಲಿಗೆ ಇಳಿಯಬೇಡಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅಲೆಯ ಎತ್ತರವನ್ನೂ ಹೇಳುತ್ತದೆ. ವಿದ್ಯೆಗೆ ಕೊರತೆಯಿಲ್ಲ. ಆದರೆ ಬೋಟಿಗೆ ಡೀಸೆಲು ತುಂಬಿಸಿ, ಮಂಜುಗಡ್ಡೆ ಹಾಕಿ, ಸಾಲ ಮಾಡಿ ಎಂಟು ಹತ್ತು ದಿನದ ಮೀನುಗಾರಿಕೆಗೆ ಹೊರಟವನು ‘ಆಗದು’ ಎಂದು ಬಲೆ ಎತ್ತಿ ತಿರುಗಿದರೆ ಆ ಖರ್ಚು ಯಾರದು? ಅವನದೇ. ಹಡಗಿನ ಕ್ಯಾಪ್ಟನ್ನಿನ ‘ಆಗದು’ ಕಂಪೆನಿಯ ಲೆಕ್ಕಕ್ಕೆ, ತಾಂಡೇಲನ ‘ಆಗದು’ ಹೆಂಡತಿಯ ಕರಿಮಣಿಯ ಲೆಕ್ಕಕ್ಕೆ.

2020ರ ನವೆಂಬರ್ ಕೊನೆಯಲ್ಲಿ ಮೀನು ತುಂಬಿಕೊಂಡು ದಕ್ಕೆಗೆ ಹಿಂತಿರುಗುತ್ತಿದ್ದ ‘ಶ್ರೀರಕ್ಷಾ’ ಬೋಟು ಮಂಗಳೂರಿನ ಎದುರಲ್ಲೇ ಮಗುಚಿ ಆರು ಮಂದಿ ಸತ್ತರು. ಊರಿನ ದೀಪ ಕಾಣುವಷ್ಟು ಹತ್ತಿರ ಬಂದಿದ್ದರು. ಅಳಿವೆ ಬಾಗಿಲಿನ ಮಾತಂತೂ ಹಳೆಯ ರಾಮಾಯಣ. ಹೊಳೆ ತಂದ ಹೂಳು ಅಲ್ಲಿ ತುಂಬುತ್ತಲೇ ಇರುತ್ತದೆ, ಅಲೆ ಅಲ್ಲಿಯೇ ಮುರಿಯುತ್ತದೆ. ಹೊರಗಿನ ತೂಫಾನು ಗೆದ್ದು ಬಂದ ಬೋಟು ಮನೆಯ ಹೊಸ್ತಿಲಲ್ಲಿ ಎಡವುತ್ತದೆ!

ಪಣಂಬೂರಿನ ಬಂದರು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರಾಯಿತು. ಅಲ್ಲಿಗೆ ಈಗ ಋತುವಿನಲ್ಲಿ ವಿದೇಶಿ ವಿಹಾರ ಹಡಗುಗಳೂ ಬರುತ್ತವೆ. ಪ್ರವಾಸಿಗಳನ್ನು ಚೆಂಡೆ ಬಾರಿಸಿ, ಯಕ್ಷಗಾನದ ವೇಷ ನಿಲ್ಲಿಸಿ ಎದುರುಗೊಳ್ಳುತ್ತೇವೆ. ಕುದ್ರೋಳಿ, ಮೂಡುಬಿದಿರೆ ತೋರಿಸಿ ಕಳಿಸುತ್ತೇವೆ. ತಪ್ಪೇನೂ ಇಲ್ಲ, ಟ್ಯಾಕ್ಸಿಯವರಿಗೂ ಅಂಗಡಿಯವರಿಗೂ ನಾಲ್ಕು ಕಾಸು. ಆದರೆ ಆ ಹಡಗಿನ ದಾರಿಗೆ ಆಳ ಬೇಕೆಂದು ಹೂಳೆತ್ತುವ ಕಾಳಜಿಯಲ್ಲಿ ಕಾಲುಭಾಗ ಹಳೆಯ ಬಂದರಿನ ಅಳಿವೆಗೂ ಸಿಗಬೇಡವೇ? ಎಚ್ಚರಿಕೆ ಕೇಳಿ ತಿರುಗಿ ಬಂದ ಬೋಟಿಗೆ ಡೀಸೆಲಿನ ಖರ್ಚಾದರೂ ಕಟ್ಟಿಕೊಡಬೇಡವೇ? ಇದು ದಾನದ ಪ್ರಶ್ನೆಯಲ್ಲ. ‘ಆಗದು’ ಎನ್ನುವ ಧೈರ್ಯವನ್ನು ಬಡವನಿಗೂ ಕೊಡುವ ಪ್ರಶ್ನೆ.

ಇನ್ನು ಹಡಗು ಹತ್ತಲಿರುವ ಬಂಧುಗಳಿಗೆ ನಾಲ್ಕು ಮಾತು. ಟಿಕೇಟಿನ ಹಿಂದಿನ ಸಣ್ಣ ಅಕ್ಷರವನ್ನು ಮೊದಲು ಓದಿ. ಮೇ ಕೊನೆಗೆ ರೇಟು ಯಾಕೆ ಇಳಿಯಿತು ಎಂದು ಏಜೆಂಟನನ್ನು ಕೇಳಿ. ಹತ್ತಿದ ಕೂಡಲೇ ಜೀವರಕ್ಷಕ ಅಂಗಿಯ ಕವಾಯತಿಗೆ ಕರೆಯುತ್ತಾರೆ. ಸೆಲ್ಫಿ ತೆಗೆಯುತ್ತಾ ನಿಲ್ಲಬೇಡಿ. 2012ರಲ್ಲಿ ಇಟಲಿಯ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅಂದೇ ಹತ್ತಿದ್ದ ಅನೇಕರಿಗೆ ಆ ಕವಾಯತೇ ಆಗಿರಲಿಲ್ಲ. ಕ್ಯಾಪ್ಟನ್ ‘ಆಗದು’ ಅಂದರೆ ಕೈಮುಗಿದು ಕಾಫಿ ಕುಡಿಯಿರಿ.

ಮೂರನೆಯ ಬೆಳಿಗ್ಗೆ ಮುಂಬಯಿಯಲ್ಲಿ ಇಳಿದಾಗ ಭಾವನವರು ನೆಲ ಮುಟ್ಟಿ ನಮಸ್ಕಾರ ಮಾಡಿದರು. ಕಾಫಿ ತಂದ ಹುಡುಗ ಬಾಗಿಲಲ್ಲಿ ನಿಂತು ಮುಂದಿನ ಪಾಳಿಯ ಪ್ರಯಾಣಿಕರಿಗೆ ಆಗಲೇ ನಗುತ್ತಿದ್ದ. ಸಂಜೆ ಮತ್ತೆ ಹೊರಡಬೇಕಿತ್ತು. ಗಾಳಿ ಇನ್ನೂ ಇಳಿದಿರಲಿಲ್ಲ.