ಅಕ್ಷತೆ ಬೀಳುವಾಗ ಮುಖ ಯಾಕೆ ಚೌಕಳಿ ಆಗುತ್ತೆ?

ನಿಮ್ಮ ಮನೆಯಲ್ಲಿ ಹಳೇ ಮದುವೆ ವಿಸಿಡಿ ಇದ್ದರೆ ಮಾಂಗಲ್ಯಧಾರಣೆಯ ಭಾಗ ಹಾಕಿ ನೋಡಿ. ಅಲ್ಲಿಯವರೆಗೆ ಒಂದು ಮಟ್ಟಿಗೆ ಚೆನ್ನಾಗೇ ಇದ್ದ ಚಿತ್ರ, ಗಟ್ಟಿಮೇಳ ಶುರುವಾಗಿ ಅಕ್ಷತೆ ಬಿದ್ದ ಕೂಡಲೇ ಚೌಕಚೌಕವಾಗಿ ಒಡೆಯುತ್ತೆ. ಮದುಮಗಳ ಮುಖವೇ ಕಾಣಲ್ಲ. "ಆಗಿನ ಕ್ಯಾಮೆರಾ ಹಾಗಿತ್ತು ಬಿಡಿ" ಅಂತಾರೆ. ಅಲ್ಲ. ಅದೇ ಮದುವೆಯ ವಿಎಚ್ಎಸ್ ಕ್ಯಾಸೆಟ್ ಉಳಿದಿದ್ದರೆ ಅದನ್ನೂ ನೋಡಿ. ಬಣ್ಣ ಮಾಸಿರಬಹುದು, ಗೆರೆ ಬರಬಹುದು, ಆದರೆ ಈ ಚೌಕ ಇರಲ್ಲ.

ವಿಡಿಯೊ ಕುಗ್ಗಿಸುವಾಗ ಬಹುಪಾಲು ಬರೆದಿಡುವುದು ಒಂದು ಫ್ರೇಮಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ. ಪುರೋಹಿತರು ಕೂತು ಮಂತ್ರ ಹೇಳುವಾಗ ಬದಲಾಗುವುದು ಕಡಿಮೆ. ಅಕ್ಷತೆಯ ನೂರಾರು ಕಾಳು ಒಂದೊಂದು ದಿಕ್ಕಿಗೆ ಹಾರಿ, ಅದರ ಮೇಲೆ ನಾಲ್ಕು ಫ್ಲ್ಯಾಷ್ ಹೊಡೆದರೆ ಇಡೀ ಫ್ರೇಮೇ ಹೊಸದು. ವಿಸಿಡಿ ಚಿತ್ರಕ್ಕೆ ಕೊಡುವುದು ಸೆಕೆಂಡಿಗೆ 1,150 ಕಿಲೋಬಿಟ್. ಮಂತ್ರಕ್ಕೂ ಅಷ್ಟೇ, ಅಕ್ಷತೆಗೂ ಅಷ್ಟೇ.

ವಿಸಿಡಿ ಕಾಲ ಹೋಯ್ತಲ್ಲ ಅಂತೀರಾ? ಬುದ್ಧಿ ಹೋಗಿಲ್ಲ. ಇಲ್ಲಿ ಜಾರ್ಜ್‌ಟೌನ್‌ನಲ್ಲಿ, ಪಕ್ಕದ ಬ್ರಾಂಪ್ಟನ್‌ನಲ್ಲಿ, ನಮ್ಮವರ ಬೇಸ್‌ಮೆಂಟುಗಳಲ್ಲಿ ಊರಿಂದ ತಂದ ಕ್ಯಾಸೆಟ್ಟುಗಳಿವೆ. ಅವು ಪಾಲ್ ಪದ್ಧತಿಯವು, ಕೆನಡಾದ ಸಾಧಾರಣ ವಿಸಿಆರ್‌ನಲ್ಲಿ ಓಡುತ್ತಿರಲಿಲ್ಲ. ಅದಕ್ಕೇ ಎಷ್ಟೋ ವರ್ಷ ಡಬ್ಬಿಯಲ್ಲೇ ಉಳಿದವು. ಈಗ ಅಂಗಡಿಗೆ ಕೊಟ್ಟು "ಟಿವಿಯಲ್ಲಿ ಓಡೋ ಹಾಗೆ ಮಾಡಿಕೊಡಿ" ಅಂತೀವಿ. ಅವರು ಪೆನ್‌ಡ್ರೈವ್‌ಗೆ ತಕ್ಕ ಪುಟ್ಟ ಫೈಲ್ ಕೊಡುತ್ತಾರೆ. ನಾವು ಕ್ಯಾಸೆಟ್ ಕಸಕ್ಕೆ ಹಾಕುತ್ತೀವಿ. ನನ್ನ ಜಗಳ ಇರೋದು ಇಲ್ಲೇ.

ಬಿಟ್‌ರೇಟಿನ ಮಿತಿ ಪ್ಲೇಯರಿನದು, ಕ್ಯಾಸೆಟ್ಟಿನದಲ್ಲ. ಡಿವಿಡಿ ಪ್ಲೇಯರ್ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್ ದಾಟಲ್ಲ. ಫ್ಯಾಟ್32 ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ಒಪ್ಪಿದೆ. ಹಾಗಾದರೆ ಆ ಯಂತ್ರಕ್ಕೆ ಬೇರೆಯೇ ಒಂದು ಸಣ್ಣ ಪ್ರತಿ ಮಾಡಿಸಿ. ಐದು ವರ್ಷಕ್ಕೆ ಮೂಲೆ ಸೇರುವ ಡಬ್ಬಿಯ ಅಳತೆಗೆ ಅಜ್ಜಿಯ ಮುಖ ಯಾಕೆ ಕತ್ತರಿಸಬೇಕು?

"ಜಾಗ ಎಲ್ಲಿದೆ?" ಅನ್ನೋರಿಗೆ ಒಂದು ಲೆಕ್ಕ. ಮಿನಿಡಿವಿ ಟೇಪು ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ಕೇಬಲ್ಲಿನಲ್ಲಿ ಇದ್ದ ಹಾಗೇ ಇಳಿಸಿಕೊಳ್ಳಬಹುದು. 1 ಟೆರಾಬೈಟ್ ಡಿಸ್ಕಿನಲ್ಲಿ ಇಂಥ 75 ಗಂಟೆ ಹಿಡಿಯುತ್ತೆ. ನಿಮ್ಮ ವಂಶದಲ್ಲಿ ಅಷ್ಟು ಮದುವೆ ಆಗಿವೆಯೇ?

ಇನ್ನೊಂದು ವಾದ, "ಸರಾಸರಿ ಗುಣಮಟ್ಟ ಚೆನ್ನಾಗಿದೆ" ಅನ್ನೋದು. ಅಂಕಿ-ಅಂಶವೇ ನನ್ನ ಹೊಟ್ಟೆಪಾಡು, ಹಾಗಾಗಿ ಇದು ಕೇಳಿದರೆ ಮೈ ಉರಿಯುತ್ತೆ. ಮೂರು ಗಂಟೆಯ ಸರಾಸರಿಯಲ್ಲಿ ಹತ್ತು ಸೆಕೆಂಡಿನ ಅಕ್ಷತೆ ಲೆಕ್ಕಕ್ಕೇ ಬರಲ್ಲ. ಊಟದ ಪಂಕ್ತಿ ಚೆನ್ನಾಗಿ ಕಂಡಿತು ಅಂತ ಅಂಕ ಬರುತ್ತೆ.

ಅಂಗಡಿಯವರಿಗೆ ಕೇಳಬೇಕಾದ್ದು ಇಷ್ಟು: ಇಳಿಸಿದ ಮೂಲ ಫೈಲ್ ಬೇರೆಯಾಗಿ ಕೊಡಿ. ನೋಡುವ ಪ್ರತಿಗೆ ಬಿಟ್‌ರೇಟ್ ಕಟ್ಟಿಹಾಕದೆ ಗುಣಮಟ್ಟ ಕಟ್ಟಿಹಾಕಿ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಆರ್‌ಎಫ್ ಅನ್ನೋ ಪಟ್ಟಿ ಇದೆ, ಎಚ್.264ಕ್ಕೆ 18ರ ಹತ್ತಿರ ಇಡಿ, ಅಕ್ಷತೆ ಬಂದಾಗ ಅದೇ ಹೆಚ್ಚು ಬಿಟ್ ತೆಗೆದುಕೊಳ್ಳುತ್ತೆ. ಪಾಲ್ ಕ್ಯಾಸೆಟ್ಟಿನಲ್ಲಿ ಸೆಕೆಂಡಿಗೆ 50 ಅರೆಚಿತ್ರಗಳಿರುತ್ತವೆ. ಉಳಿತಾಯಕ್ಕೆಂದು ಅದನ್ನು 25 ಫ್ರೇಮ್ ಮಾಡಬೇಡಿ, ಕೋಲಾಟದ ಕೈ ತಡವರಿಸಿದಂತೆ ಕಾಣುತ್ತೆ.

ಕೆಲಸ ಮುಗಿದ ಮೇಲೆ ಅಲ್ಲೇ ನಿಂತು ಅಕ್ಷತೆಯ ಜಾಗ ಹಾಕಿಸಿ ನೋಡಿ. ದುಡ್ಡು ಆಮೇಲೆ ಕೊಡಿ. ಕ್ಯಾಸೆಟ್ ವಾಪಸ್ ತಗೊಂಡು ಬನ್ನಿ.