ಮುದ್ದೆಯ ಗಾತ್ರ

ಸಕ್ಕರೆ ಕಾಯಿಲೆ ಎಂಬುದು ಪಟ್ಟಣದಲ್ಲಿ ಕುಳಿತು ಉಣ್ಣುವವರ ರೋಗ, ರಾಗಿ ಉಣ್ಣುವ ನಮ್ಮ ಹಿರೇಗುಂಟನೂರಿನ ಸೀಮೆಗೆ ಅದು ಕಾಲಿಡದು ಎಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಆ ನಂಬಿಕೆ ಎರಡು ವರ್ಷಗಳ ಹಿಂದೆ ನಮ್ಮದೇ ರಕ್ತಪರೀಕ್ಷೆಯ ಚೀಟಿಯಲ್ಲಿ ಸುಳ್ಳಾಯಿತು. ಚಿತ್ರದುರ್ಗದ ವೈದ್ಯರು ಚೀಟಿಯನ್ನು ನೋಡಿ, "ಯಜಮಾನರೇ, ದಿನಕ್ಕೆ ಎಷ್ಟು ಮುದ್ದೆ ಉಣ್ಣುತ್ತೀರಿ?" ಎಂದು ಕೇಳಿದರು. "ಎರಡು ಹೊತ್ತಿಗೂ ಒಂದೊಂದೇ, ಮೇಲೆ ಸ್ವಲ್ಪ ಅನ್ನ" ಎಂದೆವು. "ಒಂದು ಎಂದರೆ ಎಷ್ಟು ದೊಡ್ಡದು?" ಎಂದು ಅವರು ಕೇಳಿದಾಗ ನಮ್ಮ ಎರಡೂ ಕೈಗಳು ತಾವಾಗಿಯೇ ಅಗಲವಾದವು. ವೈದ್ಯರು ನಕ್ಕುಬಿಟ್ಟರು.

ಪಿಷ್ಟ ಕಡಿಮೆ ಮಾಡಿದ ಊಟ, ಈಗಿನವರ ಮಾತಿನಲ್ಲಿ 'ಲೋ ಕಾರ್ಬ್' ಆಹಾರ, ಇಂದು ಮನೆಮನೆಯ ಮಾತಾಗಿದೆ. ಮಕ್ಕಳ ಶಾಲೆ, ಗಂಡನ ಕೆಲಸ, ಅತ್ತೆ ಮಾವಂದಿರ ಔಷಧ, ದನಕರು ಇವುಗಳ ನಡುವೆ ಇಂಥ ಪಥ್ಯವನ್ನು ಆರಂಭಿಸುವುದು ಹೇಗೆ ಎಂದು ನಮ್ಮನ್ನು ಕೇಳುವ ತಾಯಂದಿರು ಅನೇಕರು. ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತವರು. ಆದರೆ ಈ ಪಥ್ಯವನ್ನು ತಪ್ಪಾಗಿ ಆರಂಭಿಸಿ, ಅನಂತರ ತಿದ್ದಿಕೊಂಡವರು. ಆದ್ದರಿಂದ ಅಷ್ಟನ್ನು ಹೇಳುವ ಅಧಿಕಾರ ನಮಗಿದೆ ಎಂದು ಭಾವಿಸಿದ್ದೇವೆ.

ಅನ್ನ, ಮುದ್ದೆ, ರೊಟ್ಟಿ, ಅವಲಕ್ಕಿ, ಆಲೂಗಡ್ಡೆ, ಬೆಲ್ಲ ಇವೆಲ್ಲವೂ ಹೊಟ್ಟೆಯಲ್ಲಿ ಕರಗಿ ಕೊನೆಗೆ ರಕ್ತದ ಸಕ್ಕರೆಯಾಗುತ್ತವೆ. ಕೆಲವು ಬೇಗ, ಕೆಲವು ನಿಧಾನ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 70 ಗ್ರಾಂ, ನವಣೆಯಲ್ಲಿ ಸುಮಾರು 60 ಗ್ರಾಂ ಇರುತ್ತದೆ. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಹೆಚ್ಚು. ಅದು ಉತ್ತಮ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 150 ಗ್ರಾಂ ಹಿಟ್ಟಿನ ಒಂದು ಮುದ್ದೆಯನ್ನು ನುಂಗಿದವನು ನೂರು ಗ್ರಾಂ ಪಿಷ್ಟವನ್ನು ನುಂಗಿದಂತೆಯೇ ಸರಿ. ಧಾನ್ಯ ಒಳ್ಳೆಯದೆಂಬ ಕಾರಣಕ್ಕೆ ಲೆಕ್ಕ ಬದಲಾಗುವುದಿಲ್ಲ.

ನಮ್ಮ ತಂದೆಯವರು ಇದಕ್ಕಿಂತಲೂ ದೊಡ್ಡ ಮುದ್ದೆ ಉಣ್ಣುತ್ತಿದ್ದರಲ್ಲ ಎಂದು ಕೇಳಬಹುದು. ಉಣ್ಣುತ್ತಿದ್ದರು, ಉಂಡು ಎದ್ದು ಸಂಜೆಯವರೆಗೆ ಎತ್ತಿನ ಹಿಂದೆ ನಡೆಯುತ್ತಿದ್ದರು. ಈಗ ಹೊಲಕ್ಕೆ ಟ್ರಾಕ್ಟರ್ ಬಂದಿದೆ, ನೀರಿಗೆ ಕೊಳವೆಬಾವಿ ಬಂದಿದೆ, ತೋಟಕ್ಕೆ ಹೋಗಲು ಮೋಟಾರುಬೈಕು ಬಂದಿದೆ. ಎಲ್ಲವೂ ಬದಲಾಗಿ ಮುದ್ದೆಯ ಗಾತ್ರವೊಂದು ಹಾಗೆಯೇ ಉಳಿದಿದೆ. ಅದರ ಮೇಲೆ ಅನ್ನವೂ ಬಂದು ಕುಳಿತಿದೆ. ಈ ಮಳೆ ಕಡಿಮೆಯ ಸೀಮೆಯಲ್ಲಿ ನಮ್ಮ ಬಾಲ್ಯದಲ್ಲಿ ಅನ್ನವೆಂದರೆ ಹಬ್ಬ, ಇಲ್ಲವೇ ನೆಂಟರು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಯಲ್ಲಿಯೂ ಅಕ್ಕಿ ಕಾಣುವಂತಾಯಿತು. ಹಸಿವನ್ನು ಕಂಡ ನಾವು ಆ ಯೋಜನೆಯನ್ನು ಹಗುರವಾಗಿ ಆಡಲಾರೆವು. ಹಸಿದವನಿಗೆ ಅದು ವರ. ಮುದ್ದೆಯನ್ನೂ ಬಿಡದೆ ಅನ್ನವನ್ನೂ ಬಿಡದೆ ಒಂದೇ ತಟ್ಟೆಯಲ್ಲಿ ಎರಡನ್ನೂ ಉಣ್ಣುವ ನಮ್ಮಂಥವರ ಕಥೆ ಬೇರೆ.

ಇದು ನಮ್ಮೊಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಮದ್ರಾಸಿನ ಡಯಾಬಿಟಿಸ್ ಸಂಶೋಧನಾ ಪ್ರತಿಷ್ಠಾನದವರು ದೇಶದಾದ್ಯಂತ ನಡೆಸಿದ ಅಧ್ಯಯನದ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರಂತೆ ಮಧುಮೇಹಿಗಳು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ಅದೇ ಅಧ್ಯಯನದ ಆಹಾರದ ಭಾಗ 2025ರಲ್ಲಿ ಹೊರಬಂದಿತು. ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟದಿಂದಲೇ ಬರುತ್ತಿದೆ ಎಂದು ಅದು ತಿಳಿಸಿತು. ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ್ದು ಅದರ ಇನ್ನೊಂದು ಮಾತು. ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ಇಟ್ಟು, ಒಟ್ಟು ಪಿಷ್ಟವನ್ನು ಹಾಗೆಯೇ ಉಳಿಸಿಕೊಂಡರೆ ಅಪಾಯ ತಗ್ಗುವಂತೆ ಕಾಣಲಿಲ್ಲವಂತೆ. ಪಿಷ್ಟದ ಒಂದು ಸಣ್ಣ ಪಾಲನ್ನು, ಶಕ್ತಿಯ ನೂರಕ್ಕೆ ಐದರಷ್ಟನ್ನು, ಬೇಳೆಕಾಳು ಅಥವಾ ಹಾಲುಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಅಪಾಯ ಕಡಿಮೆ ಕಂಡಿತು. ಸಾಮೆ ನವಣೆಗಳ ಸೀಮೆಯವರಾದ ನಮಗೆ ಇದು ಸ್ವಲ್ಪ ಕಹಿಯಾದ ಮಾತೇ. 2023ರ ಸಿರಿಧಾನ್ಯ ವರ್ಷದ ಸಂಭ್ರಮದಲ್ಲಿ ಎಷ್ಟೋ ಮಂದಿ ಅಕ್ಕಿಯನ್ನು ಬಿಟ್ಟು ಅಷ್ಟೇ ನವಣೆಯ ಅನ್ನವನ್ನು ಬಡಿಸಿಕೊಂಡು, ಪಥ್ಯವಾಯಿತು ಎಂದು ನಿಶ್ಚಿಂತರಾದರು.

ಈ ಪಥ್ಯದ ವಿಚಾರ ಹೊಸದೇನೂ ಅಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ಗೃಹಸ್ಥನು, ವೈದ್ಯ ವಿಲಿಯಂ ಹಾರ್ವೆಯ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರುಗಳನ್ನು ಬಿಟ್ಟು ಮೈ ಇಳಿಸಿಕೊಂಡು, ಅದನ್ನು ಒಂದು ಕಿರುಪುಸ್ತಕವಾಗಿ ಅಚ್ಚು ಹಾಕಿಸಿದನು. ಆತನ ಮನೆತನದ ವೃತ್ತಿ ಶವಸಂಸ್ಕಾರದ ವ್ಯವಸ್ಥೆ ಮಾಡುವುದಾಗಿತ್ತು. ಉಣ್ಣುವ ವಿಷಯದಲ್ಲಿ ಆತನಿಗೆ ಎಚ್ಚರ ಮೂಡಿದ್ದು ಸಹಜವೇ. ಸ್ವೀಡನ್ನಿನ ಭಾಷೆಯಲ್ಲಿ ಮೈ ಇಳಿಸುವುದಕ್ಕೆ ಇಂದಿಗೂ 'ಬಾಂಟ' ಎನ್ನುತ್ತಾರೆ. ಆದರೆ ಆತನ ತಟ್ಟೆಯಲ್ಲಿ ಬ್ರೆಡ್ಡಿನ ಜಾಗವನ್ನು ತುಂಬಿದ್ದು ಮಾಂಸ. ನಮ್ಮ ಮನೆಗಳಲ್ಲಿ ಅದೂ ಇಲ್ಲ, ಮೊಟ್ಟೆಯೂ ಇಲ್ಲ. ಮುದ್ದೆಯನ್ನು ತೆಗೆದ ಮೇಲೆ ತಟ್ಟೆಯಲ್ಲಿ ಏನನ್ನು ಇಡಬೇಕು ಎಂಬುದೇ ನಮ್ಮ ಗೃಹಿಣಿಯರ ಮುಂದಿರುವ ಪ್ರಶ್ನೆ.

ಈಗ ನಮ್ಮ ತಪ್ಪುಗಳಿಗೆ ಬರೋಣ. ಬೆಂಗಳೂರಿನಲ್ಲಿರುವ ಬಂಧುವೊಬ್ಬನ ಮಾತು ಕೇಳಿ ಒಂದು ಸೋಮವಾರದಿಂದ ಮುದ್ದೆ, ಅನ್ನ, ರೊಟ್ಟಿ ಮೂರನ್ನೂ ಒಮ್ಮೆಗೇ ನಿಲ್ಲಿಸಿದೆವು. ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದೆವು. ನಾಲ್ಕನೆಯ ದಿನ ಚಿತ್ರದುರ್ಗದ ಬಸ್ಸಿನಲ್ಲಿ ಕೈ ನಡುಗಿ, ಅಂಗಿ ತೊಯ್ಯುವಂತೆ ಬೆವರಿ, ಕಣ್ಣು ಮಂಜಾಯಿತು. ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬಳು ಚೀಲದಿಂದ ಬೆಲ್ಲದ ಚೂರು ತೆಗೆದು ಬಾಯಿಗಿಡದಿದ್ದರೆ ಈ ಅಂಕಣ ಮುಂದುವರಿಯುತ್ತಿತ್ತೋ ಇಲ್ಲವೋ. "ನಾನು ಮಾತ್ರೆ ಕೊಟ್ಟದ್ದು ನಿಮ್ಮ ಊಟವನ್ನು ಅಳೆದು, ಊಟ ಬಿಟ್ಟವರು ನನಗೆ ಹೇಳಬೇಡವೇ?" ಎಂದು ವೈದ್ಯರು ಗದರಿಸಿದರು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು, ಇನ್ಸುಲಿನ್ನನ್ನು ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಪಿಷ್ಟವನ್ನು ಕಡಿದುಹಾಕಬಾರದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಾತ್ರೆಗಳೂ ಇವೆ. ಅವುಗಳ ಜೊತೆ ಕಠಿಣ ಪಥ್ಯ ಮಾಡಿದರೆ ರಕ್ತದಲ್ಲಿ ಆಮ್ಲವೇರುವ ಅಪಾಯವಿದೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು ಕೇಳಿಯೇ ಹೆಜ್ಜೆಯಿಡಬೇಕು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಆದರೆ ಅದಕ್ಕೆ ಯಾವ ವೈದ್ಯರೂ ನಮ್ಮನ್ನು ಗದರಿಸಲಿಲ್ಲ. ನಮಗಾಗಿ ಬೇರೆಯ ಅಡಿಗೆ ಆಗಬೇಕೆಂದು ಅಪ್ಪಣೆ ಮಾಡಿದೆವು. ಸೊಸೆ ಬೆಳಗ್ಗೆ ಎಂಟರ ಬಸ್ಸಿಗೆ ಕೆಲಸಕ್ಕೆ ಹೋಗುವವಳು. ಅದಕ್ಕೆ ಮೊದಲು ಹಾಲು ಕರೆದು, ಮಕ್ಕಳಿಬ್ಬರ ಡಬ್ಬಿ ಕಟ್ಟಿ, ಮಗನಿಗೆ ಬುತ್ತಿ ಮಾಡಬೇಕು. ಅವಳು ಒಂದು ಮಾತೂ ಆಡದೆ ನಾಲ್ಕೂವರೆಗೆ ಏಳತೊಡಗಿದಳು. ಒಂದು ರಾತ್ರಿ ಹತ್ತರ ಸುಮಾರಿಗೆ ನೀರು ಕುಡಿಯಲೆಂದು ಒಳಗೆ ಹೋದೆವು. ಅಡಿಗೆಮನೆಯ ಗೋಡೆಗೆ ಒರಗಿ ಅವಳು ಮಕ್ಕಳು ಬಿಟ್ಟ ಅನ್ನವನ್ನೂ ಆರಿದ ಮುದ್ದೆಯನ್ನೂ ಮಜ್ಜಿಗೆಗೆ ಕಲಸಿ ಉಣ್ಣುತ್ತಿದ್ದಳು. ನಮ್ಮ ಪಥ್ಯಕ್ಕೆಂದು ಮಾಡಿದ್ದ ಕಾಳಿನ ಪಲ್ಯದಲ್ಲಿ ಅವಳ ಪಾಲಿಗೆ ಏನೂ ಉಳಿದಿರಲಿಲ್ಲ. ನಮ್ಮ ರಕ್ತದ ಸಕ್ಕರೆಯನ್ನು ಇಳಿಸಲು ಅವಳ ನಿದ್ದೆಯನ್ನೂ ಊಟವನ್ನೂ ತೆತ್ತಿದ್ದೆವು. ದಾಸೋಹದ ಮೇಲೆ ಉಪನ್ಯಾಸ ಕೊಡುವ ನಾವು ಅಂದು ನೀರು ಕುಡಿಯದೆಯೇ ಹಿಂತಿರುಗಿದೆವು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೀವೆಲ್ಲ ಬಲ್ಲಿರಿ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಲು ಆಕೆ ಕಳುಹಿಸಿದಳು. ನಲವತ್ತು ವರ್ಷ ಈ ಕಥೆಯನ್ನು ಹೇಳುತ್ತ ಬಂದಿರುವ ನಮಗೆ, ಹೆಚ್ಚಾದದ್ದು ತಟ್ಟೆಯಲ್ಲಿಯೂ ಇರಬಹುದೆಂದು ಹೊಳೆದಿರಲಿಲ್ಲ.

ಮರುದಿನ ಎಲ್ಲರೂ ಕುಳಿತು ಮಾತನಾಡಿದೆವು. ಒಲೆ ಒಂದೇ, ಅಡಿಗೆ ಒಂದೇ, ಬದಲಾಗುವುದು ಬಡಿಸುವ ಅಳತೆ ಮಾತ್ರ ಎಂದು ಗೊತ್ತಾಯಿತು. ಮುದ್ದೆಯನ್ನು ಮೊದಲಿನಂತೆಯೇ ತಿರುವುತ್ತಾರೆ. ನಮಗೆ ಕಿತ್ತಳೆ ಹಣ್ಣಿನಷ್ಟು, ಓಡಾಡುವ ಮಕ್ಕಳಿಗೆ ಅವರ ಹಸಿವಿನಷ್ಟು. ಬೆಳೆಯುವ ಮಕ್ಕಳನ್ನು ಈ ಪಥ್ಯಕ್ಕೆ ಎಳೆಯಬೇಡಿ. ಮುದ್ದೆ ಉಂಡ ಹೊತ್ತು ಅನ್ನವಿಲ್ಲ, ಅನ್ನ ಉಂಡ ಹೊತ್ತು ಮುದ್ದೆಯಿಲ್ಲ. ಖಾಲಿಯಾದ ಜಾಗಕ್ಕೆ ಗಟ್ಟಿ ಕಾಳಿನ ಸಾರು, ಸೊಪ್ಪಿನ ಪಲ್ಯ, ಒಂದು ಬಟ್ಟಲು ಮೊಸರು, ಒಂದು ಹಿಡಿ ಶೇಂಗಾ.

ಹುರುಳಿಯ ಬಗ್ಗೆ ಒಂದು ಮಾತನ್ನು ಹೇಳದಿರಲಾರೆವು. ನಮ್ಮ ಮನೆಯಲ್ಲಿ ಹಿಂದೆ ಹುರುಳಿ ಬೇಯಿಸಿದರೆ ಕಟ್ಟನ್ನು ಬಸಿದು ಸಾರು ಮಾಡಿಕೊಂಡು, ಬೆಂದ ಕಾಳನ್ನು ಎತ್ತುಗಳಿಗೆ ಇಡುತ್ತಿದ್ದರು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಅದರ ಬಹುಪಾಲು ಎತ್ತಿನ ಪಾಲಾಗುತ್ತಿತ್ತು. ಈಗ ಎತ್ತುಗಳಿಲ್ಲ, ಕಾಳು ನಮಗೇ ಉಳಿದಿದೆ. ಭಾನುವಾರ ಹುರುಳಿ, ಹೆಸರು, ಅಲಸಂದೆಗಳನ್ನು ನೆನೆಸಿ ಮೊಳಕೆ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಬುಧವಾರದವರೆಗೆ ಚಿಂತೆಯಿಲ್ಲ. ಕಾಳು ಆರಿಸುವುದು, ನೆನೆಸುವುದು, ಸೊಪ್ಪು ಬಿಡಿಸುವುದು ಈಗ ನಮ್ಮ ಕಾಯಕ. ಬೆಳಗಿನ ಪೂಜೆ ಮುಗಿದ ಮೇಲೆ ಹೇಗೂ ಪತ್ರಿಕೆ ಓದುತ್ತ ಕೂರುತ್ತಿದ್ದೆವು. ಸೊಪ್ಪು ಬಿಡಿಸುತ್ತಲೂ ಮಗನಿಂದ ಓದಿಸಿ ಕೇಳಬಹುದೆಂದು ಈ ವಯಸ್ಸಿನಲ್ಲಿ ತಿಳಿಯಿತು. ಸೊಸೆ ಈಗ ಐದೂವರೆಗೆ ಏಳುತ್ತಾಳೆ. ರಾತ್ರಿ ಎಂಟಕ್ಕೆ ಎಲ್ಲರೊಡನೆ ಕುಳಿತು ಬಿಸಿಯಾದುದನ್ನೇ ಉಣ್ಣುತ್ತಾಳೆ.

ಮದುವೆ, ಜಾತ್ರೆಗಳ ಸಂಕಟ ಬೇರೆಯೇ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂದು ಮಠದಲ್ಲಿ ಕಲಿತವರು ನಾವು. ಬಡಿಸಿದ ಮೇಲೆ ಬಿಡಲಾರೆವು. ಆದ್ದರಿಂದ ಬಡಿಸುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಹೋಳಿಗೆ ಒಂದೇ, ಅಂದು ಅನ್ನವಿಲ್ಲ. ಬೀಗರು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ. ಇನ್ನು ಸೋಮವಾರದ ಒಪ್ಪತ್ತಿನ ಹೆಸರಿನಲ್ಲಿ ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣುಗಳನ್ನು ಹೊಟ್ಟೆ ಬಿರಿಯೆ ತಿನ್ನುವ ವ್ರತನಿಷ್ಠರ ವಿಷಯ. ಅದು ಉಪವಾಸವೋ ಪಿಷ್ಟದ ಹಬ್ಬವೋ ಅವರೇ ನಿರ್ಧರಿಸಲಿ. ಮಾತ್ರೆ ನುಂಗುವವರಿಗಂತೂ ವೈದ್ಯರನ್ನು ಕೇಳದೆ ಅಂಥ ಉಪವಾಸವೂ ಸಲ್ಲದು.

ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ನಮ್ಮ ಅಂಕ 8.1 ಇದ್ದದ್ದು ಕಳೆದ ಬಾರಿ 6.9ಕ್ಕೆ ಇಳಿದಿತ್ತು. ವೈದ್ಯರು ಒಂದು ಮಾತ್ರೆಯನ್ನು ಅರ್ಧ ಮಾಡಿದರು. ಯುಗಾದಿಯ ವಾರದಲ್ಲಿ ಅಳತೆ ತಪ್ಪಿದ್ದನ್ನು ಅವರಿಗೆ ನಾವು ಹೇಳಿರಲಿಲ್ಲ, ಸೊಸೆ ಹೇಳಿಬಿಟ್ಟಳು. ಬರುವ ಗುರುವಾರ ಮತ್ತೆ ರಕ್ತ ಕೊಡಬೇಕಾಗಿದೆ. ಈ ಬಾರಿಯೂ ಅವಳೇ ಜೊತೆಗೆ ಬರುತ್ತಾಳಂತೆ.