ವೈರ್ ಎಳೆಸುವ ಮುನ್ನ ದೂರವನ್ನೂ ಅಳೆಯಿರಿ

ಮಹಡಿಯ ಮೇಲೆ ಕೋಣೆ ಕಟ್ಟಿದಾಗ, ಹಿತ್ತಿಲಲ್ಲಿ ಬಚ್ಚಲುಮನೆ ಎಬ್ಬಿಸಿದಾಗ, ಎಷ್ಟೋ ಮನೆಗಳಲ್ಲಿ ಹತ್ತಿರದ ಸ್ವಿಚ್‌ಬೋರ್ಡಿನಿಂದ ಒಂದು ಲೈನ್ ಎಳೆಸಿ ಕೆಲಸ ಮುಗಿಸಿಬಿಡುತ್ತಾರೆ. ಟೈಲ್ಸ್‌ಗಾಗಿ ನಾಲ್ಕು ಅಂಗಡಿ ಸುತ್ತುವವರು ಗೋಡೆಯೊಳಗೆ ಹೋಗುವ ವೈರ್ ಎಷ್ಟು ದಪ್ಪ ಎಂದು ವಿಚಾರಿಸುವುದಿಲ್ಲ. ವಿಚಾರಿಸಿದರೂ ಎಷ್ಟು ಆಂಪಿಯರ್ ತಡೆಯುತ್ತದೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಲೋಡ್ ಜೊತೆ ದೂರವನ್ನೂ ಲೆಕ್ಕ ಹಾಕದೆ ವೈರ್ ಕೊಳ್ಳುವುದು ತಪ್ಪು.

3,000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದು ಮೇನ್ ಬೋರ್ಡಿನಿಂದ 30 ಮೀಟರ್ ದೂರದಲ್ಲಿದ್ದರೆ ಫೇಸ್, ನ್ಯೂಟ್ರಲ್ ಸೇರಿ ಕರೆಂಟ್ ಹರಿಯಬೇಕಾದ್ದು 60 ಮೀಟರ್. ತಾಮ್ರದ 1.5 ಚದರ ಮಿ.ಮೀ. ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 10 ವೋಲ್ಟ್ ಕಳೆದುಹೋಗುತ್ತದೆ, 2.5ರಲ್ಲಿ 6, 4ರಲ್ಲಿ ಸುಮಾರು 4. ಹತ್ತು ವೋಲ್ಟ್ ಏನು ಮಹಾ ಎನ್ನಬಹುದು. ಆದರೆ 13 ಆಂಪಿಯರ್‌ಗೆ ಅದು 130 ವ್ಯಾಟ್ ಶಾಖ. ನೀರಿಗೆ ಸೇರಬೇಕಾದ ಆ ಶಾಖ ಪೈಪಿನೊಳಗಿನ ವೈರನ್ನು ಕಾಯಿಸುತ್ತದೆ, ಮೀಟರಿನಲ್ಲೂ ಓಡುತ್ತದೆ. ಪಂಪ್ ಮೋಟರ್‌ನದು ಇನ್ನೂ ಕಷ್ಟ. ಸ್ಟಾರ್ಟ್ ಆಗುವಾಗ ಅದು ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ವೋಲ್ಟೇಜ್ ಕುಸಿತವೂ ಆ ಕ್ಷಣ ಅಷ್ಟೇ ಪಟ್ಟು ಹೆಚ್ಚುತ್ತದೆ. ಊರಿನ ವೋಲ್ಟೇಜ್ ಮೊದಲೇ ಕಡಿಮೆಯಿದ್ದರೆ ಮೋಟರ್ ತಿರುಗದೆ ಗುಂಯ್‌ಗುಡುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ.

ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಸಾಲದು. ಎಂಸಿಬಿ ನೋಡುವುದು ಕರೆಂಟನ್ನು ಮಾತ್ರ. ವೈರ್ ಎಷ್ಟು ಉದ್ದ ಎಂಬುದು ಅದಕ್ಕೆ ಗೊತ್ತಾಗದು. ಪದೇಪದೇ ಟ್ರಿಪ್ ಆಗುತ್ತದೆಂದು 16 ಆಂಪಿಯರ್‌ನದನ್ನು ತೆಗೆದು 32ರದನ್ನು ಕೂರಿಸಿದರಂತೂ ಇದ್ದ ಕಾವಲೂ ಹೋಯಿತು. ದಪ್ಪ ವೈರ್ ದುಬಾರಿ ಎಂಬುದು ನಿಜ. ಹಾಗೆಂದೇ ಎಲ್ಲೆಡೆ ಅದನ್ನೇ ಹಾಕಿ ಎನ್ನುವುದು ಸರಿಯಲ್ಲ. ಒಂದು ಫ್ಯಾನ್, ಎರಡು ಎಲ್‌ಇಡಿ ಬಲ್ಬಿಗೆ ಅಷ್ಟೇ ದೂರದಲ್ಲೂ 1.5 ಧಾರಾಳ. ಆದರೆ ಗೀಸರ್ ಲೈನಿನಲ್ಲಿ ಉಳಿತಾಯ ಮಾಡುವಾಗ ನೆನಪಿಡಬೇಕಾದ್ದಿದೆ: ಗೋಡೆ ಕೊರೆಯುವ ಕೂಲಿ ಎರಡಕ್ಕೂ ಒಂದೇ, ನಾಳೆ ವೈರ್ ಬದಲಿಸಲು ಗೋಡೆ ಒಡೆಯಬೇಕಾಗಿ ಬಂದರೆ ಆ ಖರ್ಚು ಬೇರೆ. ಹಳೆಯ ತೆಳು ವೈರಿನ ತುದಿಗೆ ಹೊಸ ದಪ್ಪ ವೈರ್ ಜೋಡಿಸುವುದೂ ಪರಿಹಾರವಲ್ಲ. ಇಡೀ ಲೈನಿನ ಲೋಡ್ ಆ ತೆಳು ಭಾಗದ ಮೂಲಕವೇ ಹಾದುಹೋಗಬೇಕು.

ಆದ್ದರಿಂದ ಎಲೆಕ್ಟ್ರಿಷಿಯನ್ ಬರುವ ಮುನ್ನ ಪೈಪ್ ಏರಿಳಿದು ಸಾಗುವ ದಾರಿಯನ್ನೇ ಟೇಪ್ ಹಿಡಿದು ಅಳೆಯಿರಿ. ಗೀಸರ್, ಮೋಟರ್‌ಗಳಿಗೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, ಅರ್ಥ್ ವೈರ್, ವೈರಿಗೆ ತಕ್ಕ ಎಂಸಿಬಿ ಕೇಳಿ. ಬಚ್ಚಲಿನ ಲೈನಿಗೆ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇರಲಿ. ಎಸ್ಟಿಮೇಟ್‌ನಲ್ಲಿ ಬರೀ ‘ವೈರಿಂಗ್’ ಎಂದಿದ್ದರೆ ಒಪ್ಪಬೇಡಿ. ಎಷ್ಟು ಚದರ ಮಿ.ಮೀ., ಎಷ್ಟು ಮೀಟರ್ ಎಂದು ಬರೆಸಿಕೊಳ್ಳಿ. ಗೋಡೆ ಮುಚ್ಚಿದ ಮೇಲೆ ಅದನ್ನು ಪರೀಕ್ಷಿಸಲು ನಿಮಗೆ ದಾರಿ ಇರುವುದಿಲ್ಲ.